ಕೊರತೆ ಪಂಚಾಯಿತಿಯದು, ಹೊರೆ ಯಾರದು?

ಕಂಬೈನಲ್ಲೂರು: ಮಾರ್ಚ್ ತಿಂಗಳು ಬಂತೆಂದರೆ ಸಣ್ಣ ಊರುಗಳ ಪಂಚಾಯಿತಿ ಕಚೇರಿಯಲ್ಲಿ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ. ಒಂದು ಕಡೆ ಸಿಬ್ಬಂದಿ ರಸೀದಿ ಪುಸ್ತಕ ಹಿಡಿದು ಬಾಕಿ ವಸೂಲಿಗೆ ಬೀದಿ ಬೀದಿ ತಿರುಗುತ್ತಾರೆ. ಇನ್ನೊಂದು ಕಡೆ ಬರುವ ವರ್ಷದ ಬಜೆಟ್ ಸಿದ್ಧವಾಗುತ್ತದೆ. ಬಜೆಟ್ ಪುಸ್ತಕದಲ್ಲಿ ಜಮಾ ಮತ್ತು ಖರ್ಚು ತಾಳೆಯಾಗಿರುತ್ತದೆ. ಕೊನೆಯ ಸಾಲಿನಲ್ಲಿ ಒಂದಿಷ್ಟು ಉಳಿತಾಯ ತೋರಿಸುವುದೂ ರೂಢಿ. ಆದರೆ ಬೀದಿ ದೀಪ ಕೆಟ್ಟಿದೆ, ಚರಂಡಿ ತುಂಬಿದೆ ಎಂದು ಯಾರಾದರೂ ಕೇಳಲು ಹೋದರೆ ಸಿಗುವ ಉತ್ತರ ಒಂದೇ: ‘ಫಂಡ್ ಇಲ್ಲ’.

ಪುಸ್ತಕದಲ್ಲಿ ಇರುವ ದುಡ್ಡು ಬೀದಿಯಲ್ಲಿ ಯಾಕಿಲ್ಲ? ಕಂಬೈನಲ್ಲೂರಿನಂಥ ಪಟ್ಟಣ ಪಂಚಾಯಿತಿಗಳ ಮಟ್ಟಿಗೆ ಇದು ಬಹಳ ಹಳೆಯ ಪ್ರಶ್ನೆ. ದುಡ್ಡು ಕಡಿಮೆ ಇರುವುದು ತಪ್ಪಲ್ಲ. ಕಡಿಮೆ ಇರುವುದನ್ನು ಜನರಿಗೆ ಹೇಳದೆ, ಯಾರ ತಲೆ ಮೇಲೆ ಹಾಕುತ್ತಿದ್ದೇವೆ ಅನ್ನುವುದನ್ನೂ ಹೇಳದೆ ವರ್ಷ ನೂಕುವುದು ತಪ್ಪು.

ಹೆಸರು ಎರಡು, ಸಂಕಟ ಒಂದೇ

ಗಡಿಯಾಚೆ ಕರ್ನಾಟಕದಲ್ಲಿ ಪಟ್ಟಣ ಪಂಚಾಯಿತಿ ಅನ್ನುವುದನ್ನೇ ಇಲ್ಲಿ ಪೇರೂರಾಟ್ಚಿ ಅನ್ನುತ್ತಾರೆ. ಹಳ್ಳಿಗಿಂತ ದೊಡ್ಡದು, ನಗರಸಭೆಗಿಂತ ಸಣ್ಣದು. ಹೆಸರು ನಗರದ್ದಾದರೂ ಆದಾಯ ಹಳ್ಳಿಯದೇ. ಈ ಇಬ್ಬಂದಿ ಎಷ್ಟರಮಟ್ಟಿಗೆ ಎಂದರೆ, 2004ರಲ್ಲಿ ತಮಿಳುನಾಡು ಸರ್ಕಾರ ಬಹುಪಾಲು ಪಟ್ಟಣ ಪಂಚಾಯಿತಿಗಳನ್ನು ‘ವಿಶೇಷ ಗ್ರಾಮ ಪಂಚಾಯಿತಿ’ಗಳೆಂದು ಬದಲಾಯಿಸಿತು. 2006ರಲ್ಲಿ ಸರ್ಕಾರ ಬದಲಾದಾಗ ಮತ್ತೆ ಪಟ್ಟಣ ಪಂಚಾಯಿತಿಗಳೇ ಆದವು. ನಾಮಫಲಕ ಎರಡು ಸಲ ಬದಲಾಯಿತು. ನಲ್ಲಿಯ ಸಂಖ್ಯೆ, ದೀಪದ ಸಂಖ್ಯೆ, ಗುಡಿಸಬೇಕಾದ ಬೀದಿಯ ಉದ್ದ ಮಾತ್ರ ಇದ್ದಷ್ಟೇ ಇತ್ತು.

ಧರ್ಮಪುರಿ ಜಿಲ್ಲೆ ಮೊದಲು ಸೇಲಂನ ಭಾಗ. 1965ರ ಅಕ್ಟೋಬರ್ 2ರಂದು ಬೇರೆಯಾಯಿತು. 2004ರ ಫೆಬ್ರುವರಿಯಲ್ಲಿ ಇದರಿಂದಲೇ ಕೃಷ್ಣಗಿರಿ ಜಿಲ್ಲೆ ಬೇರ್ಪಟ್ಟಿತು. ಮಳೆ ಕಡಿಮೆ, ಕೈಗಾರಿಕೆ ಕಡಿಮೆ. ದುಡಿಯುವ ಕೈಗಳು ಬೆಂಗಳೂರು, ಹೊಸೂರು, ತಿರುಪ್ಪೂರಿಗೆ ಹೋಗುತ್ತವೆ. ಅಲ್ಲಿ ದುಡಿದವರ ಮನೆ ಇಲ್ಲಿರುತ್ತದೆ, ಖರ್ಚು ಅಲ್ಲಾಗುತ್ತದೆ. ಹೀಗಿರುವ ಊರಿನ ಪಂಚಾಯಿತಿಗೆ ದೊಡ್ಡ ಅಂಗಡಿ ಇಲ್ಲ, ಕಾರ್ಖಾನೆ ಇಲ್ಲ, ತೆರಿಗೆ ಕಟ್ಟುವ ದೊಡ್ಡ ಕುಳಗಳೂ ಇಲ್ಲ.

ಜಮಾ ಬದಿಯ ಲೆಕ್ಕ

ಪಂಚಾಯಿತಿಯ ಜಮಾ ಎರಡು ದಾರಿಯಿಂದ ಬರುತ್ತದೆ. ಒಂದು ಸ್ವಂತದ್ದು: ಮನೆ ಕಂದಾಯ, ಖಾಲಿ ನಿವೇಶನದ ತೆರಿಗೆ, ವೃತ್ತಿ ತೆರಿಗೆ, ನೀರಿನ ಶುಲ್ಕ, ಅಂಗಡಿ ಲೈಸೆನ್ಸು, ಮಳಿಗೆ ಬಾಡಿಗೆ, ಸಂತೆ ಮತ್ತು ಬಸ್ ನಿಲ್ದಾಣದ ಗುತ್ತಿಗೆ, ಮನೆ ನಕ್ಷೆ ಮಂಜೂರಾತಿ ಶುಲ್ಕ. ಎರಡನೆಯದು ಮೇಲಿನಿಂದ ಬರುವುದು: ರಾಜ್ಯ ಹಣಕಾಸು ಆಯೋಗದ ಹಂಚಿಕೆ, ಕೇಂದ್ರ ಹಣಕಾಸು ಆಯೋಗದ ಅನುದಾನ, ಆಗಾಗ ಯೋಜನೆಗಳ ಹಣ.

ಸ್ವಂತದ್ದರಲ್ಲಿ ವೃತ್ತಿ ತೆರಿಗೆಯನ್ನೇ ನೋಡಿ. ಒಬ್ಬರಿಂದ ವರ್ಷಕ್ಕೆ 2,500 ರೂಪಾಯಿಗಿಂತ ಹೆಚ್ಚು ಪಡೆಯಬಾರದು ಎಂದು ಸಂವಿಧಾನವೇ ಮಿತಿ ಹಾಕಿದೆ. ಈ ಮಿತಿ ನಿಗದಿಯಾದದ್ದು 1988ರಲ್ಲಿ. ಅಂದಿನ ಸಂಬಳಕ್ಕೂ ಇಂದಿನ ಸಂಬಳಕ್ಕೂ ಇರುವ ಅಂತರ ಎಲ್ಲರಿಗೂ ಗೊತ್ತು. ಮಿತಿ ಮಾತ್ರ ಇದ್ದಲ್ಲೇ ಇದೆ. ಅದನ್ನು ಏರಿಸುವ ಅಧಿಕಾರ ಪಂಚಾಯಿತಿಗಿರಲಿ, ರಾಜ್ಯ ಸರ್ಕಾರಕ್ಕೂ ಇಲ್ಲ.

ಮೇಲಿನಿಂದ ಬರುವ ಹಣದ ಕಥೆ ಬೇರೆ. ತಮಿಳುನಾಡು ತನ್ನ ಸ್ವಂತ ತೆರಿಗೆ ಆದಾಯದಲ್ಲಿ ಶೇ 10ರಷ್ಟನ್ನು ಹಳ್ಳಿ ಮತ್ತು ನಗರದ ಸ್ಥಳೀಯ ಸಂಸ್ಥೆಗಳಿಗೆಲ್ಲ ಹಂಚುತ್ತ ಬಂದಿದೆ. ಇದು ಚೆನ್ನೈನಂಥ ಮಹಾನಗರದಿಂದ ಹಿಡಿದು ಕೊನೆಯ ಗ್ರಾಮ ಪಂಚಾಯಿತಿವರೆಗೆ ಎಲ್ಲರ ನಡುವೆ ಪಾಲಾಗಬೇಕು. ಕೇಂದ್ರದ 15ನೇ ಹಣಕಾಸು ಆಯೋಗ 2021ರಿಂದ 2026ರವರೆಗಿನ ಐದು ವರ್ಷಕ್ಕೆ ದೇಶದ ಸ್ಥಳೀಯ ಸಂಸ್ಥೆಗಳಿಗೆಲ್ಲ ಸೇರಿ 4,36,361 ಕೋಟಿ ರೂಪಾಯಿ ಶಿಫಾರಸು ಮಾಡಿತು. ಕೇಳಲು ದೊಡ್ಡ ಮೊತ್ತ. ಆದರೆ ಆ ಹಣದ ಕೈಕಾಲು ಕಟ್ಟಿಯೇ ಕಳಿಸಲಾಯಿತು.

ಹೇಗೆ? ಸಣ್ಣ ಪಟ್ಟಣಕ್ಕೆ 100 ರೂಪಾಯಿ ಬಂತು ಅಂದುಕೊಳ್ಳಿ. ಅದರಲ್ಲಿ 30 ರೂಪಾಯಿ ಕುಡಿಯುವ ನೀರಿಗೇ ಆಗಬೇಕು. ಇನ್ನೊಂದು 30 ಕಸ ಮತ್ತು ನೈರ್ಮಲ್ಯಕ್ಕೇ ಆಗಬೇಕು. ಉಳಿದ 40 ರೂಪಾಯಿ ಊರಿಗೆ ಬೇಕಾದ ಕೆಲಸಕ್ಕೆ ಬಳಸಬಹುದು, ಆದರೆ ಸಂಬಳಕ್ಕೆ, ಕಚೇರಿ ಖರ್ಚಿಗೆ ಬಳಸುವಂತಿಲ್ಲ. ಅಂದರೆ ಹೊಸ ಕಸದ ಗಾಡಿ ಕೊಳ್ಳಲು ದುಡ್ಡುಂಟು, ಆ ಗಾಡಿ ಓಡಿಸುವವನ ಸಂಬಳಕ್ಕೆ ಆ ದುಡ್ಡು ಮುಟ್ಟುವಂತಿಲ್ಲ. ಹೊಸ ನೀರಿನ ಟ್ಯಾಂಕ್ ಕಟ್ಟಲು ಅನುದಾನವುಂಟು, ವಾಲ್ವ್ ತಿರುಗಿಸುವವನ ಕೂಲಿ ಬೇರೆ ಕಡೆಯಿಂದ ಬರಬೇಕು.

ಕೇಂದ್ರವೂ ಸುಮ್ಮನೆ ಈ ಕಟ್ಟು ಹಾಕಿಲ್ಲ. ಕೈ ಬಿಚ್ಚಿ ಕೊಟ್ಟ ಹಣ ಎಲ್ಲೆಲ್ಲಿಗೋ ಹೋದ ಅನುಭವ ಅವರಿಗೂ ಇದೆ. ಆದರೆ ಕಟ್ಟಿದ ಮೇಲೆ ಅದನ್ನು ನಡೆಸುವ ಖರ್ಚು ಯಾರದು ಅನ್ನುವ ಪ್ರಶ್ನೆ ಮಾತ್ರ ಪಂಚಾಯಿತಿ ಬಾಗಿಲಲ್ಲೇ ಕುಳಿತಿದೆ.

ಖರ್ಚಿನ ಬದಿ ಕಾಯುವುದಿಲ್ಲ

ಜಮಾ ಬರುವುದು ಯಾವಾಗಲೋ. ಖರ್ಚು ಮಾತ್ರ ಪ್ರತಿ ತಿಂಗಳು ತಪ್ಪದೆ ಬರುತ್ತದೆ. ಸಂಬಳ, ಪಿಂಚಣಿ ಪಾಲು, ಬೀದಿ ದೀಪದ ಮತ್ತು ಮೋಟಾರಿನ ಕರೆಂಟ್ ಬಿಲ್ಲು, ಬ್ಲೀಚಿಂಗ್ ಪುಡಿ, ಗಾಡಿಗೆ ಡೀಸೆಲ್. 2022ರ ಸೆಪ್ಟೆಂಬರ್‌ನಲ್ಲಿ ತಮಿಳುನಾಡಿನಲ್ಲಿ ವಿದ್ಯುತ್ ದರ ಏರಿತು. ಆಮೇಲೆ 2023 ಮತ್ತು 2024ರ ಜುಲೈನಲ್ಲೂ ಏರಿತು. ಮನೆಯವರಿಗೆ ಬಿಲ್ಲು ಜಾಸ್ತಿ ಬಂದಾಗ ಫ್ಯಾನ್ ಆರಿಸಬಹುದು. ಪಂಚಾಯಿತಿ ಬೀದಿ ದೀಪ ಆರಿಸಿದರೆ ಜನ ಬಿಡುತ್ತಾರೆಯೇ?

ಇನ್ನು ನೀರು. ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳ ಕೊಳವೆ ಬಾವಿಯಲ್ಲಿ ಫ್ಲೋರೈಡ್ ಹೆಚ್ಚು. ಹಲ್ಲು ಹಳದಿಯಾಗಿ, ಮೂಳೆ ಬಾಗಿ ನರಳಿದ ಮನೆಗಳು ಇಲ್ಲಿ ಕಡಿಮೆಯಿಲ್ಲ. ಅದಕ್ಕೇ ಜಪಾನ್ ಸಾಲ ಪಡೆದು ಹೊಗೇನಕಲ್ ಕುಡಿಯುವ ನೀರಿನ ಯೋಜನೆ ಬಂತು. 2008ರಲ್ಲಿ ಶಂಕುಸ್ಥಾಪನೆಯಾಯಿತು. 2013ರ ಮೇ 29ರಂದು ಉದ್ಘಾಟನೆಯಾಯಿತು. ಯೋಜನೆಯ ವೆಚ್ಚ 1,928.80 ಕೋಟಿ ರೂಪಾಯಿ. 2008ರಲ್ಲಿ ಇದೇ ಯೋಜನೆಯ ಹೆಸರಿನಲ್ಲಿ ಗಡಿಯ ಎರಡೂ ಕಡೆ ಎಷ್ಟು ಗಲಾಟೆಯಾಯಿತು, ಬಸ್ ನಿಂತು ಎರಡೂ ಕಡೆ ನೆಂಟರಿರುವ ಕನ್ನಡ ಕುಟುಂಬಗಳು ಎಷ್ಟು ಕಷ್ಟಪಟ್ಟವು ಅನ್ನುವುದು ಈ ಭಾಗದವರಿಗೆ ನೆನಪಿದೆ.

ನೀರು ಬಂದದ್ದು ದೊಡ್ಡ ಉಪಕಾರ. ಆದರೆ ಕಾವೇರಿ ನೀರನ್ನು ಎತ್ತಿ, ಶುದ್ಧ ಮಾಡಿ, ನೂರಾರು ಮೈಲಿ ಕೊಳವೆಯಲ್ಲಿ ಕಳಿಸುವುದಕ್ಕೆ ದುಡ್ಡು ಬೇಕು. ನೀರು ಮಂಡಳಿ ಸಗಟು ಲೆಕ್ಕದಲ್ಲಿ ಸ್ಥಳೀಯ ಸಂಸ್ಥೆಗೆ ನೀರು ಕೊಡುತ್ತದೆ. ಸಂಸ್ಥೆ ಅದಕ್ಕೆ ಶುಲ್ಕ ಕಟ್ಟಬೇಕು. ಮನೆ ಮನೆಯಿಂದ ವಸೂಲಾಗುವ ನೀರಿನ ಹಣ ಕಡಿಮೆ, ಮಂಡಳಿಗೆ ಕಟ್ಟಬೇಕಾದದ್ದು ಹೆಚ್ಚಾದರೆ ನಡುವಿನ ಅಂತರ ಬಾಕಿಯಾಗುತ್ತದೆ. ನೀರಿನ ಹಕ್ಕಿಗಾಗಿ ಎರಡು ರಾಜ್ಯದವರು ಬೀದಿಗಿಳಿದರು. ಅದೇ ನೀರಿನ ಬಿಲ್ಲಿನ ಬಗ್ಗೆ ಒಂದು ವಾರ್ಡಿನವರೂ ಕೂತು ಮಾತಾಡಿಲ್ಲ ಅನ್ನುವುದೇ ವಿಚಿತ್ರ.

ಕೊರತೆ ಮುಚ್ಚುವ ನಾಲ್ಕು ದಾರಿ

ದೆಹಲಿಗೆ ಕೊರತೆ ಬಿದ್ದರೆ ಸಾಲಪತ್ರ ಹೊರಡಿಸುತ್ತದೆ. ಚೆನ್ನೈಗೆ ಕೊರತೆ ಬಿದ್ದರೆ ಸಾಲಪತ್ರದ ಜೊತೆಗೆ ಟಾಸ್ಮಾಕ್ ಇದೆ. ಬೆಂಗಳೂರಿಗೆ ಬಿದ್ದರೆ ಅಬಕಾರಿ ಸುಂಕ, ಮುದ್ರಾಂಕ ಶುಲ್ಕ ಇವೆ. ಇವರೆಲ್ಲ ತಮ್ಮ ಬಜೆಟ್‌ನಲ್ಲಿ ‘ವಿತ್ತೀಯ ಕೊರತೆ ಇಷ್ಟು’ ಎಂದು ಬಹಿರಂಗವಾಗಿ ಬರೆಯುತ್ತಾರೆ. ಕೊರತೆ ರಾಜ್ಯದ ಉತ್ಪನ್ನದ ಶೇ 3 ದಾಟಬಾರದು ಎಂದು ಕಾನೂನು ಇದೆ, ದಾಟಿದರೆ ಪತ್ರಿಕೆಗಳಲ್ಲಿ ಚರ್ಚೆಯಾಗುತ್ತದೆ. ಪಟ್ಟಣ ಪಂಚಾಯಿತಿ ತನ್ನಷ್ಟಕ್ಕೆ ಸಾಲ ಎತ್ತುವಂತಿಲ್ಲ, ಕೊರತೆ ಬಜೆಟ್ ಎಂದು ಘೋಷಿಸುವ ರೂಢಿಯೂ ಇಲ್ಲ. ಹಾಗಾದರೆ ಕೊರತೆ ಎಲ್ಲಿಗೆ ಹೋಗುತ್ತದೆ?

ಮೊದಲ ದಾರಿ, ಬಿಲ್ಲು ಬಾಕಿ ಇಡುವುದು. ಕರೆಂಟಿನವರೂ ಸರ್ಕಾರದವರೇ, ನೀರಿನವರೂ ಸರ್ಕಾರದವರೇ, ನಾಳೆ ನೋಡೋಣ ಅಂದರಾಯಿತು. ಆದರೆ ಬಾಕಿ ಬೆಳೆದರೆ ಮುಂದೆ ಬರುವ ಹಂಚಿಕೆಯಲ್ಲೇ ಮುರಿದುಕೊಳ್ಳುವ ದಾರಿ ಸರ್ಕಾರದ ಕೈಲಿದೆ. ಈ ವರ್ಷ ತಪ್ಪಿಸಿಕೊಂಡದ್ದು ಬರುವ ವರ್ಷದ ಚರಂಡಿಯನ್ನು ನುಂಗುತ್ತದೆ.

ಎರಡನೆಯದು, ದುರಸ್ತಿ ಮುಂದೂಡುವುದು. ಈ ವರ್ಷ ತೇಪೆ ಹಾಕಬಹುದಾದ ರಸ್ತೆಗೆ ಮೂರು ವರ್ಷ ಬಿಟ್ಟು ಪೂರ್ತಿ ಡಾಂಬರು ಬೇಕಾಗುತ್ತದೆ. ಉಳಿಸಿದಂತೆ ಕಂಡದ್ದು ವಾಸ್ತವದಲ್ಲಿ ಬಡ್ಡಿ ಸಮೇತ ಸಾಲ.

ಮೂರನೆಯದು, ಒಂದು ತಲೆಬರಹದ ಹಣ ತೆಗೆದು ಇನ್ನೊಂದಕ್ಕೆ ಹಾಕುವುದು. ಆಮೇಲೆ ಆಡಿಟ್ ಆಕ್ಷೇಪಣೆ ಬರುತ್ತದೆ. ಅಷ್ಟರಲ್ಲಿ ಹಾಕಿದವರು ವರ್ಗವಾಗಿ ಹೋಗಿರುತ್ತಾರೆ.

ನಾಲ್ಕನೆಯದು ಎಲ್ಲಕ್ಕಿಂತ ಸುಲಭದ್ದು, ಎಲ್ಲಕ್ಕಿಂತ ಕ್ರೂರವಾದದ್ದು. ಕೆಲಸದವರನ್ನು ಕಡಿಮೆ ಮಾಡುವುದು ಅಥವಾ ಗುತ್ತಿಗೆಗೆ ಕೊಡುವುದು. ಕಾಯಂ ಪೌರಕಾರ್ಮಿಕ ನಿವೃತ್ತನಾದರೆ ಆ ಜಾಗ ಖಾಲಿ ಉಳಿಯುತ್ತದೆ. ಗುತ್ತಿಗೆದಾರನ ಕೆಳಗೆ ಬಂದವನಿಗೆ ಕೂಲಿ ಕಡಿಮೆ, ರಜೆ ಇಲ್ಲ, ಪಿಂಚಣಿ ಇಲ್ಲ. ‘ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ’ ಅನ್ನುವ ಹಾಗೆ ಖಜಾನೆ ಮೇಲಿನ ಸಿಟ್ಟು ಪೊರಕೆ ಹಿಡಿದವನ ಮೇಲೆ ಹೋಗುತ್ತದೆ.

ಇದು ಸಣ್ಣ ಊರಿನ ಕಥೆ ಮಾತ್ರ ಅಲ್ಲ. 2025ರ ಆಗಸ್ಟ್‌ನಲ್ಲಿ ಚೆನ್ನೈನ ಎರಡು ವಲಯಗಳ ಸ್ವಚ್ಛತೆ ಕೆಲಸ ಖಾಸಗಿಗೆ ಕೊಟ್ಟದ್ದನ್ನು ವಿರೋಧಿಸಿ ಪೌರಕಾರ್ಮಿಕರು 13 ದಿನ ಪಾಲಿಕೆಯ ರಿಪ್ಪನ್ ಕಟ್ಟಡದ ಎದುರು ಕುಳಿತರು. ಕೊನೆಗೆ ರಾತ್ರೋರಾತ್ರಿ ಪೊಲೀಸರು ಎಬ್ಬಿಸಿದರು. ಆ ಕಟ್ಟಡಕ್ಕೆ ಹೆಸರು ಕೊಟ್ಟ ಲಾರ್ಡ್ ರಿಪ್ಪನ್ 1882ರಲ್ಲಿ ಸ್ಥಳೀಯ ಸ್ವಯಂ ಆಡಳಿತದ ನಿರ್ಣಯ ತಂದವನು ಅನ್ನುವುದನ್ನು ಶಾಲೆಯಲ್ಲಿ ಎಲ್ಲರೂ ಓದಿದ್ದಾರೆ.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರಾಡಳಿತದ ಉದಾಹರಣೆಯೂ ಇಲ್ಲಿ ಉಪಯೋಗಕ್ಕೆ ಬರುತ್ತದೆ. 2023ರ ಸೆಪ್ಟೆಂಬರ್ 5ರಂದು ಅದು, ತನ್ನಲ್ಲಿ ಹಣವಿಲ್ಲ, ಅಗತ್ಯ ಸೇವೆ ಬಿಟ್ಟು ಬೇರೆ ಹೊಸ ಖರ್ಚು ಮಾಡುವುದಿಲ್ಲ ಎಂದು ಕಾನೂನು ಪ್ರಕಾರ ನೋಟಿಸ್ ಹೊರಡಿಸಿತು. ಮರುವರ್ಷ ಮನೆ ತೆರಿಗೆ ಸುಮಾರು ಶೇ 10 ಏರಿತು. 2025ರ ಮಾರ್ಚ್‌ನಲ್ಲಿ ಸಂಬಳ ಕಡಿತದ ತಕರಾರಿಗೆ ಕಸದ ಕಾರ್ಮಿಕರು ಪೂರ್ತಿ ಮುಷ್ಕರ ಹೂಡಿದರು, ಬೀದಿಯಲ್ಲಿ ಕಸ ಗುಡ್ಡೆ ಬಿತ್ತು. ಶ್ರೀಮಂತ ದೇಶದಲ್ಲೂ ಕೊರತೆಯ ಹೊರೆ ಕೊನೆಗೆ ಕಸ ಎತ್ತುವವನ ಹೆಗಲಿಗೇ ಬಂತು. ಆದರೆ ಒಂದು ವ್ಯತ್ಯಾಸ ಉಂಟು. ಅಲ್ಲಿ ‘ದುಡ್ಡಿಲ್ಲ’ ಅನ್ನುವುದನ್ನು ಬರೆದು, ಸಹಿ ಹಾಕಿ, ಊರಿಗೆಲ್ಲ ಹೇಳಿದರು. ಇಲ್ಲಿ ‘ಫಂಡ್ ಇಲ್ಲ’ ಅನ್ನುವುದು ಕಿಟಕಿಯ ಹಿಂದಿನ ಮಾತು. ಎಷ್ಟಿಲ್ಲ, ಯಾಕಿಲ್ಲ, ಯಾವಾಗಿಂದ ಇಲ್ಲ ಅನ್ನುವುದನ್ನು ಕೇಳೋರೂ ಇಲ್ಲ, ಹೇಳೋರೂ ಇಲ್ಲ.

ತೆರಿಗೆ ಏರಿಸಿದ್ದು, ಇಳಿಸಿದ್ದು, ಮತ್ತೆ ಏರಿಸಿದ್ದು

‘ಜನ ತೆರಿಗೆ ಕಟ್ಟಲ್ಲ, ಅದಕ್ಕೇ ಹೀಗಾಗಿದೆ’ ಅನ್ನುವವರಿದ್ದಾರೆ. ಈ ಮಾತಿನಲ್ಲಿ ಅರ್ಧ ನಿಜ ಇದೆ. ಇನ್ನರ್ಧ ತಿಳಿಯಬೇಕಾದರೆ ತಮಿಳುನಾಡಿನ ಮನೆ ಕಂದಾಯದ ಕಥೆ ನೋಡಬೇಕು.

2018ರಲ್ಲಿ ಸರ್ಕಾರ ಮನೆ ಕಂದಾಯ ಏರಿಸಿತು. ಜನ ಗೊಣಗಿದರು, ವಿರೋಧ ಪಕ್ಷ ಬೀದಿಗಿಳಿಯಿತು. 2019ರ ನವೆಂಬರ್‌ನಲ್ಲಿ ಸ್ಥಳೀಯ ಚುನಾವಣೆ ಹತ್ತಿರ ಬಂದಾಗ ಅದೇ ಸರ್ಕಾರ ಏರಿಕೆಯನ್ನು ತಡೆಹಿಡಿಯಿತು. ಕಟ್ಟಿದವರ ಹೆಚ್ಚುವರಿ ಹಣವನ್ನು ಮುಂದಿನ ತೆರಿಗೆಗೆ ಹೊಂದಿಸುವುದಾಗಿ ಹೇಳಿತು. ಹೊತ್ತಿಗೆ ಸರಿಯಾಗಿ ಕಟ್ಟಿದವನು ಪೆದ್ದನಾದ, ಕಟ್ಟದೆ ಕಾದವನು ಜಾಣನಾದ. 2022ರ ಫೆಬ್ರುವರಿ 19ರಂದು ನಗರ ಸ್ಥಳೀಯ ಸಂಸ್ಥೆಗಳ ಚುನಾವಣೆ ಮುಗಿಯಿತು. ಏಪ್ರಿಲ್ ಆರಂಭದಲ್ಲೇ ಹೊಸ ಸರ್ಕಾರ ಕಂದಾಯ ಏರಿಸಿತು. ಚೆನ್ನೈನ ಹಳೆಯ ಭಾಗ ಬಿಟ್ಟು ಬೇರೆ ಕಡೆ 600 ಚದರಡಿವರೆಗಿನ ಮನೆಗೆ ಶೇ 25, ಅಲ್ಲಿಂದ 1,200ರವರೆಗೆ ಶೇ 50, 1,800ರವರೆಗೆ ಶೇ 75, ಅದಕ್ಕಿಂತ ದೊಡ್ಡ ಮನೆಗೆ ಶೇ 100. ಕಂದಾಯ ಪರಿಷ್ಕರಿಸದಿದ್ದರೆ 15ನೇ ಹಣಕಾಸು ಆಯೋಗದ ಅನುದಾನ ಬರುವುದಿಲ್ಲ ಅನ್ನುವುದು ಸರ್ಕಾರ ಕೊಟ್ಟ ಕಾರಣ. ಕಾರಣ ಸುಳ್ಳಲ್ಲ. ಆಯೋಗದ ಷರತ್ತು ಹಾಗೇ ಇತ್ತು. ಆದರೆ ಅದನ್ನು ಮತದಾನಕ್ಕೆ ಮೊದಲು ಹೇಳಬಹುದಿತ್ತಲ್ಲ?

ಸಣ್ಣ ಮನೆಗೆ ಕಡಿಮೆ, ದೊಡ್ಡ ಮನೆಗೆ ಹೆಚ್ಚು ಎಂದು ಮಾಡಿದ್ದು ನ್ಯಾಯವೇ. ಆರು ತಿಂಗಳಿಗೆ 400 ರೂಪಾಯಿ ಕಟ್ಟುತ್ತಿದ್ದ ಸಣ್ಣ ಮನೆಯವನಿಗೆ 500 ಆದರೆ ಮನೆ ಮುಳುಗುವುದಿಲ್ಲ. ವರ್ಷ ವರ್ಷ ಸ್ವಲ್ಪ ಸ್ವಲ್ಪ ಏರಿಸಬೇಕು ಅನ್ನುವ ನಿಯಮವೂ 2023ರಲ್ಲಿ ಬಂತು. 2024ರ ಸೆಪ್ಟೆಂಬರ್‌ನಲ್ಲಿ ಚೆನ್ನೈ ಪಾಲಿಕೆ ಶೇ 6 ಏರಿಕೆಗೆ ನಿರ್ಣಯ ಮಾಡಿತು. ಯಾವುದೇ ತೆರಿಗೆ ವರ್ಷಕ್ಕೆ ಶೇ 6ರಂತೆ ಏರಿದರೆ 12 ವರ್ಷಕ್ಕೆ ದುಪ್ಪಟ್ಟಾಗುತ್ತದೆ. ಬಟ್ಟೆ ಗಿರಣಿಯಲ್ಲೋ ಕಟ್ಟಡ ಕೆಲಸದಲ್ಲೋ ದುಡಿಯುವವನ ಕೂಲಿ 12 ವರ್ಷಕ್ಕೆ ದುಪ್ಪಟ್ಟಾಗುತ್ತದೆಯೇ ಅನ್ನುವುದನ್ನೂ ಜೊತೆಗೇ ಕೇಳಬೇಕು. ಆಗುತ್ತದೆ ಅನ್ನುವವರು ಲೆಕ್ಕ ತೋರಿಸಲಿ, ಜನ ಒಪ್ಪುತ್ತಾರೆ.

ಈ ಸೀಮೆಯ ಜನರಿಗೆ ಕಂದಾಯದ ಲೆಕ್ಕ ಹೊಸದಲ್ಲ. 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಟಿಪ್ಪು ಸುಲ್ತಾನನಿಂದ ಬಾರಾಮಹಲ್ ಕಂಪನಿಗೆ ಹೋದ ಮೇಲೆ, ಅಲೆಕ್ಸಾಂಡರ್ ರೀಡ್ ಮತ್ತು ಅವನ ಸಹಾಯಕನಾಗಿದ್ದ ಥಾಮಸ್ ಮನ್ರೋ ಹೊಲ ಹೊಲ ಅಳೆದು ರೈತವಾರಿ ಕಂದಾಯದ ಪ್ರಯೋಗ ಮಾಡಿದ್ದು ಇದೇ ನೆಲದಲ್ಲಿ. ಕಟ್ಟುವವನಿಗೂ ಕಟ್ಟಿಸಿಕೊಳ್ಳುವವನಿಗೂ ನೇರ ಲೆಕ್ಕ ಇರಬೇಕು ಅನ್ನುವುದು ಆ ಪದ್ಧತಿಯ ತಿರುಳು. ಇನ್ನೂರು ವರ್ಷದ ಮೇಲೆ ಕಟ್ಟುವ ಲೆಕ್ಕ ಮಾತ್ರ ನೇರ ಉಳಿದಿದೆ. ಖರ್ಚಿನ ಲೆಕ್ಕ ಎಲ್ಲೋ ಸುತ್ತಿ ಬಳಸಿ ಹೋಗುತ್ತದೆ.

ದೆಹಲಿಗೆ ಹೇಳುವ ಮಾತು ಊರಿಗೂ ಅನ್ವಯಿಸಲಿ

2024ರ ಫೆಬ್ರುವರಿ 7ರಂದು ಕರ್ನಾಟಕದ ಮುಖ್ಯಮಂತ್ರಿ, ಮಂತ್ರಿಗಳು ದೆಹಲಿಯ ಜಂತರ್ ಮಂತರ್‌ನಲ್ಲಿ ‘ನನ್ನ ತೆರಿಗೆ ನನ್ನ ಹಕ್ಕು’ ಎಂದು ಧರಣಿ ಮಾಡಿದರು. ಕೇಂದ್ರ ತೆರಿಗೆಯಲ್ಲಿ ಕರ್ನಾಟಕದ ಪಾಲು ಶೇ 4.713ರಿಂದ ಶೇ 3.647ಕ್ಕೆ ಇಳಿಯಿತು ಅನ್ನುವುದು ಅವರ ದೂರು. ತಮಿಳುನಾಡಿನ ದೂರೂ ಇದೇ ಧಾಟಿಯದು. ಎರಡೂ ರಾಜ್ಯಗಳ ಮಾತಿನಲ್ಲಿ ಹುರುಳಿದೆ. ಆದರೆ ಇದೇ ಮಾತನ್ನು ಒಂದು ಪಟ್ಟಣ ಪಂಚಾಯಿತಿ ಚೆನ್ನೈಗೋ ಬೆಂಗಳೂರಿಗೋ ಹೇಳಬೇಕೆಂದರೆ ಯಾವ ಜಂತರ್ ಮಂತರ್‌ಗೆ ಹೋಗಬೇಕು? ‘ದೇವರು ಕೊಟ್ಟರೂ ಪೂಜಾರಿ ಕೊಡ’ ಅನ್ನುವ ಗಾದೆ ಸುಮ್ಮನೆ ಹುಟ್ಟಿಲ್ಲ.

1992ರ 74ನೇ ತಿದ್ದುಪಡಿಯಲ್ಲಿ ಐದು ವರ್ಷಕ್ಕೊಮ್ಮೆ ಚುನಾವಣೆ, ಐದು ವರ್ಷಕ್ಕೊಮ್ಮೆ ರಾಜ್ಯ ಹಣಕಾಸು ಆಯೋಗ ಎಂದು ಬರೆಯಲಾಗಿದೆ. ಆಚರಣೆಯಲ್ಲಿ ಏನಾಯಿತು? ತಮಿಳುನಾಡಿನ ನಗರ ಸಂಸ್ಥೆಗಳ ಅವಧಿ 2016ರ ಅಕ್ಟೋಬರ್‌ನಲ್ಲಿ ಮುಗಿದರೂ ಚುನಾವಣೆ ನಡೆದದ್ದು 2022ರಲ್ಲಿ. ಧರ್ಮಪುರಿ ಸೇರಿ 27 ಜಿಲ್ಲೆಗಳ ಗ್ರಾಮೀಣ ಸಂಸ್ಥೆಗಳಿಗೆ 2019ರ ಡಿಸೆಂಬರ್‌ನಲ್ಲಿ ಚುನಾವಣೆಯಾಯಿತು. ಆ ಅವಧಿ 2025ರ ಜನವರಿ 5ಕ್ಕೆ ಮುಗಿದಾಗ ಹೊಸಬರು ಆಯ್ಕೆಯಾಗಿ ಬರಲಿಲ್ಲ, ಆಡಳಿತ ವಿಶೇಷ ಅಧಿಕಾರಿಗಳ ಕೈಗೆ ಹೋಯಿತು. ಕರ್ನಾಟಕದಲ್ಲಿ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ಇಲ್ಲ. ಮಹಾರಾಷ್ಟ್ರದಲ್ಲಂತೂ ನಾಲ್ಕು ತಿಂಗಳಲ್ಲಿ ಚುನಾವಣೆ ಮುಗಿಸಿ ಎಂದು 2025ರ ಮೇ 6ರಂದು ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ಮೂರು ರಾಜ್ಯ, ಮೂರು ಭಾಷೆ, ಬೇರೆ ಬೇರೆ ಪಕ್ಷ. ಊರಿನವರ ಕೈಗೆ ಅಧಿಕಾರ ಕೊಡುವ ಮಾತು ಬಂದಾಗ ಮಾತ್ರ ಎಲ್ಲರದೂ ಒಂದೇ ರೀತಿ.

ಚುನಾಯಿತ ಮಂಡಳಿ ಇಲ್ಲದಿದ್ದರೆ ಕೇಂದ್ರದ ಅನುದಾನವೂ ನಿಲ್ಲುತ್ತದೆ. ತಪ್ಪು ಮಾಡಿದ್ದು ರಾಜಧಾನಿ, ದಂಡ ತೆತ್ತದ್ದು ಹಳ್ಳಿಯ ನಲ್ಲಿ.

ಇದರ ನಡುವೆ ಪ್ರಕೃತಿಯೂ ಕೈಕೊಡುತ್ತದೆ. 2024ರ ನವೆಂಬರ್ ಕೊನೆಯಲ್ಲಿ ಬಂದ ಫೆಂಗಲ್ ಚಂಡಮಾರುತದ ಮಳೆ ಪಕ್ಕದ ಊತ್ತಂಗರೈಯಲ್ಲಿ ಒಂದೇ ದಿನ 50 ಸೆಂಟಿಮೀಟರ್ ಸುರಿಯಿತು. ತೆಂಪೆಣ್ಣೆ ಅಂದರೆ ನಮ್ಮ ದಕ್ಷಿಣ ಪಿನಾಕಿನಿ ತುಂಬಿ ಹರಿಯಿತು. ರಾಜ್ಯ ತುರ್ತಾಗಿ 2,000 ಕೋಟಿ ಕೇಳಿತು, ಕೇಂದ್ರದಿಂದ 944.80 ಕೋಟಿ ಬಿಡುಗಡೆಯಾಯಿತು. ರಾಜ್ಯಕ್ಕೇ ಈ ಗತಿಯಾದರೆ, ಮೀಸಲು ನಿಧಿಯೇ ಇಲ್ಲದ ಸಣ್ಣ ಪಂಚಾಯಿತಿಯ ಗತಿ ಏನು? ಹನುಮಂತರಾಯ ಹಗ್ಗ ತಿನ್ನುವಾಗ ಪೂಜಾರಿ ಶಾವಿಗೆ ಕೇಳಿದ ಹಾಗಾಗುತ್ತದೆ.

ಆಗಬೇಕಾದದ್ದು ಏನು?

ಮೊದಲನೆಯದಾಗಿ, ಲೆಕ್ಕ ಬಹಿರಂಗವಾಗಬೇಕು. ಹಿಂದಿನ ವರ್ಷದ ಲೆಕ್ಕವನ್ನೂ ಅದರ ಹಿಂದಿನ ವರ್ಷದ ಆಡಿಟ್ ಆದ ಲೆಕ್ಕವನ್ನೂ ಆನ್‌ಲೈನ್‌ನಲ್ಲಿ ಹಾಕಿದರೆ ಮಾತ್ರ ಅನುದಾನ ಎಂದು 15ನೇ ಆಯೋಗ ಷರತ್ತು ಹಾಕಿತ್ತು. ಆದರೆ ವೆಬ್‌ಸೈಟ್‌ನಲ್ಲಿ ಹಾಕಿದ ಕೂಡಲೇ ಊರಿಗೆ ತಿಳಿದಂತಾಗುವುದಿಲ್ಲ. ಒಂದೇ ಒಂದು ಹಾಳೆ ಸಾಕು. ಸ್ವಂತ ಆದಾಯ ಇಷ್ಟು, ಮೇಲಿನಿಂದ ಬಂದದ್ದು ಇಷ್ಟು, ಅದರಲ್ಲಿ ಕಟ್ಟಿಹಾಕಿದ್ದು ಇಷ್ಟು, ಕರೆಂಟ್ ಬಾಕಿ ಇಷ್ಟು, ನೀರಿನ ಬಾಕಿ ಇಷ್ಟು, ಕಂದಾಯ ಬರಬೇಕಾದದ್ದು ಇಷ್ಟು. ಇದನ್ನು ಕಚೇರಿ ಬಾಗಿಲಲ್ಲಿ, ಬಸ್ ನಿಲ್ದಾಣದಲ್ಲಿ, ನ್ಯಾಯಬೆಲೆ ಅಂಗಡಿಯಲ್ಲಿ ಅಂಟಿಸಲಿ. ತಮಿಳಿನಲ್ಲಿ ಇರಲಿ. ಕನ್ನಡ, ತೆಲುಗು ಮನೆಮಾತಿನವರು ಹೆಚ್ಚಿರುವ ವಾರ್ಡಿನಲ್ಲಿ ಆ ಭಾಷೆಯಲ್ಲೂ ಒಂದು ಪ್ರತಿ ಇದ್ದರೆ ಯಾರ ಗಂಟೂ ಹೋಗುವುದಿಲ್ಲ.

ಎರಡನೆಯದಾಗಿ, ಕಡಿತ ಮಾಡಲೇಬೇಕಾದರೆ ಯಾವುದನ್ನು ಮೊದಲು ಕಡಿಯಬೇಕು ಅನ್ನುವುದನ್ನು ಸಭೆಯಲ್ಲಿ ಕೇಳಲಿ. ಸ್ವಾಗತ ಕಮಾನು, ಉದ್ಘಾಟನೆ ಫಲಕ, ಹೊಸ ಕಾಂಪೌಂಡ್ ಮೊದಲು ನಿಲ್ಲಲಿ. ಪೌರಕಾರ್ಮಿಕರ ಸಂಬಳ, ಕ್ಲೋರಿನ್, ಕೊಳವೆಯ ಕೊನೆಯ ಮನೆಗೆ ಹೋಗುವ ನೀರು ಕಟ್ಟಕಡೆಗೂ ನಿಲ್ಲಬಾರದು.

ಮೂರನೆಯದಾಗಿ, ಸರ್ಕಾರಗಳು ಕಟ್ಟಿದ್ದನ್ನು ನಡೆಸಲು ಬೇಕಾದ ಹಣವನ್ನೂ ಕೊಡಬೇಕು. 16ನೇ ಹಣಕಾಸು ಆಯೋಗದ ಅವಧಿ 2026ರಿಂದ 2031. ಟ್ಯಾಂಕಿಗೆ ಕೊಟ್ಟು ವಾಲ್ವ್ ತಿರುಗಿಸುವವನಿಗೆ ಕೊಡದ ಪದ್ಧತಿ ಇನ್ನೈದು ವರ್ಷ ಮುಂದುವರಿಯಬಾರದು.

ಗಡಿಯಾಚೆಯವರ ಪಾಲೆಷ್ಟು?

ಈ ಮಾತು ಬೆಂಗಳೂರು, ಆನೇಕಲ್ಲು, ಹೊಸೂರು ಕಡೆ ನೆಲೆಸಿ ಇಲ್ಲಿ ಮನೆ, ಸೈಟು ಉಳಿಸಿಕೊಂಡಿರುವ ಕನ್ನಡ ಕುಟುಂಬಗಳಿಗೆ. ಬೀಗ ಹಾಕಿದ ಮನೆಗೂ ಕಂದಾಯ ಉಂಟು, ಖಾಲಿ ಸೈಟಿಗೂ ಉಂಟು. ‘ನಾವು ಅಲ್ಲಿಲ್ಲವಲ್ಲ, ಯಾತಕ್ಕೆ ಕಟ್ಟಬೇಕು?’ ಅನ್ನುವ ಮಾತು ಕೇಳಿಬರುತ್ತದೆ. ಹಬ್ಬಕ್ಕೆ ಬಂದಾಗ ಬೀದಿ ದೀಪ ಉರಿಯಬೇಕು, ನಲ್ಲಿಯಲ್ಲಿ ನೀರು ಬರಬೇಕು. ಊರಲ್ಲೇ ಉಳಿದಿರುವ ಅಪ್ಪ ಅಮ್ಮನ ಮನೆ ಮುಂದಿನ ಚರಂಡಿ ವರ್ಷವಿಡೀ ಹರಿಯಬೇಕು. ಇದಕ್ಕೆಲ್ಲ ಊರಲ್ಲಿರುವ ಕೂಲಿಯವನೊಬ್ಬನೇ ಕಟ್ಟಬೇಕೆ?

ಬೆಂಗಳೂರಿನಲ್ಲಿ ಏಪ್ರಿಲ್ ರಿಯಾಯಿತಿ ತಪ್ಪಿಸಿಕೊಳ್ಳದವರು ಇಲ್ಲಿನ ರಿಯಾಯಿತಿಯನ್ನೂ ತಿಳಿದಿರಲಿ. ಇಲ್ಲಿ ಕಂದಾಯ ಅರ್ಧ ವರ್ಷದ ಲೆಕ್ಕ. ಏಪ್ರಿಲ್ ಮತ್ತು ಅಕ್ಟೋಬರ್ ತಿಂಗಳೊಳಗೆ ಕಟ್ಟಿದರೆ ಶೇ 5 ಬಿಡುತ್ತಾರೆ. ತಡ ಮಾಡಿದರೆ ತಿಂಗಳಿಗೆ ಶೇ 1 ದಂಡ ಬೀಳುತ್ತದೆ. ಆನ್‌ಲೈನ್‌ನಲ್ಲೂ ಕಟ್ಟಬಹುದು. ಮಾರ್ಚ್ ಕೊನೆಗೆ ಬರುವ ಸಾವಿರ ರೂಪಾಯಿಗಿಂತ ಏಪ್ರಿಲ್‌ನಲ್ಲೇ ಬರುವ 950 ರೂಪಾಯಿ ಪಂಚಾಯಿತಿಗೆ ಹೆಚ್ಚು ಉಪಯೋಗ, ಯಾಕೆಂದರೆ ಕರೆಂಟ್ ಬಿಲ್ಲು ಮಾರ್ಚ್‌ವರೆಗೆ ಕಾಯುವುದಿಲ್ಲ.

ಕಟ್ಟಿದವನಿಗೆ ಕೇಳುವ ಹಕ್ಕು ಹೆಚ್ಚು. ತಮಿಳುನಾಡು ಸರ್ಕಾರ 2022ರಲ್ಲಿ ನಗರ ಸಂಸ್ಥೆಗಳಿಗೂ ವಾರ್ಡ್ ಸಮಿತಿ, ಬಡಾವಣೆ ಸಭೆಗಳ ನಿಯಮ ತಂದಿತು. ಅದೇ ವರ್ಷ ನವೆಂಬರ್ 1ನ್ನು ಸ್ಥಳೀಯ ಸಂಸ್ಥೆಗಳ ದಿನ ಎಂದು ಆಚರಿಸಲು ಶುರು ಮಾಡಿತು. ಗಡಿಯಾಚೆ ಆ ದಿನ ರಾಜ್ಯೋತ್ಸವ, ಬಹಳ ಮನೆಗಳಲ್ಲಿ ರಜೆ. ಬಾವುಟ ಹಾರಿಸಿದ ಮೇಲೆ ಮಧ್ಯಾಹ್ನದ ಬಸ್ ಹಿಡಿದು ಊರಿಗೆ ಬಂದು, ಸಭೆಯಲ್ಲಿ ಕೂತು, ಪಂಚಾಯಿತಿಯ ಕರೆಂಟ್ ಬಾಕಿ ಎಷ್ಟು, ನೀರಿನ ಬಾಕಿ ಎಷ್ಟು, ಗುತ್ತಿಗೆ ಕಾರ್ಮಿಕನ ಕೈಗೆ ತಿಂಗಳಿಗೆ ಎಷ್ಟು ಸಿಗುತ್ತದೆ ಎಂದು ಮೂರೇ ಪ್ರಶ್ನೆ ಕೇಳಲಿ. ಈಗಿನ ಚುನಾಯಿತ ಮಂಡಳಿಗಳ ಐದು ವರ್ಷದ ಅವಧಿ 2027ರ ಮಾರ್ಚ್‌ವರೆಗಿನದು. ಅದು ಮುಗಿದ ಮೇಲೆ ಚುನಾವಣೆ ಹೊತ್ತಿಗೆ ಸರಿಯಾಗಿ ಆಗುತ್ತದೋ ಇಲ್ಲವೋ ಅನ್ನುವುದನ್ನೂ ಅದೇ ಸಭೆಯಲ್ಲಿ ಕೇಳಿಬಿಡಲಿ.